ಮಿಸ್ಟರಿ ಐಲ್ಯಾಂಡ್‌ನಲ್ಲಿ ಒಂದು ಹಗಲು: ಕ್ರೂಸ್ ಹಡಗಿನಿಂದ ಇಳಿದು ಸ್ನಾರ್ಕೆಲಿಂಗ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಿಡ್ನಿ ಅಥವಾ ಬ್ರಿಸ್ಬೇನ್‌ನಿಂದ ದಕ್ಷಿಣ ಪೆಸಿಫಿಕ್ ಕಡೆಗೆ ಹೊರಡುವ ಕ್ರೂಸ್‌ಗಳ ಪಟ್ಟಿ ತೆಗೆದರೆ ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಮಿಸ್ಟರಿ ಐಲ್ಯಾಂಡ್. ಸ್ಥಳೀಯರು ಇದನ್ನು ಇನ್ಯೂಗ್ ಎನ್ನುತ್ತಾರೆ. ವನುವಾಟು ದೇಶದ ದಕ್ಷಿಣ ತುದಿಯಲ್ಲಿ ಅನೈಟಿಯಮ್ ಎಂಬ ದ್ವೀಪವಿದೆ. ಅದರ ಮಗ್ಗುಲಲ್ಲಿರುವ ಸಣ್ಣ ಮರಳಿನ ತುಂಡು ಇದು. ಒಂದು ಗಂಟೆಯೊಳಗೆ ಪೂರ್ತಿ ಸುತ್ತು ಹಾಕಬಹುದು. ಇಲ್ಲಿ ಯಾರೂ ಮನೆ ಮಾಡಿಕೊಂಡಿಲ್ಲ. ರಾತ್ರಿ ಇಲ್ಲಿ ದೆವ್ವಗಳು ಓಡಾಡುತ್ತವೆ ಎಂಬ ನಂಬಿಕೆ ಹಿಂದಿನಿಂದಲೂ ಇದೆ. 1974ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಈ ಕಡೆ ಬಂದು ಹೋದ ಮೇಲೆ ಇಂಗ್ಲಿಷ್ ಹೆಸರು ಅಂಟಿಕೊಂಡಿತು ಎಂದು ಹೇಳುತ್ತಾರೆ.

ಹಡಗು ಬರುವ ದಿನ ಮಾತ್ರ ಅನೈಟಿಯಮ್‌ನ ಅನೆಲ್ಗೌಹತ್ ಹಳ್ಳಿಯ ಜನ ದೋಣಿಯಲ್ಲಿ ಇಲ್ಲಿಗೆ ಬಂದು ಅಂಗಡಿ ಹಾಕುತ್ತಾರೆ. ಹಡಗು ಹೋದ ಮೇಲೆ ಎಲ್ಲ ಕಟ್ಟಿಕೊಂಡು ವಾಪಸ್ ಹೋಗುತ್ತಾರೆ. ಕರೆಂಟಿಲ್ಲ, ನಲ್ಲಿ ನೀರಿಲ್ಲ, ಎಟಿಎಂ ಇಲ್ಲ, ಹೋಟೆಲಿಲ್ಲ. ಇರುವುದು ಬಿಳಿ ಮರಳು, ಮಧ್ಯದಲ್ಲೊಂದು ಹುಲ್ಲಿನ ರನ್‌ವೇ, ಸುತ್ತ ಹವಳ. ಹವಳವಿರುವ ನೀರಿನ ಒಂದು ಭಾಗವನ್ನು ಊರಿನವರೇ ಮೀನು ಹಿಡಿಯದಂತೆ ಕಾಯ್ದುಕೊಂಡಿದ್ದಾರೆ.

ಸ್ನಾರ್ಕೆಲಿಂಗ್ ಅಂದರೆ ಮಾಸ್ಕ್ ಹಾಕಿ, ಕೊಳವೆಯಿಂದ ಉಸಿರಾಡುತ್ತಾ ನೀರಿನ ಮೇಲೆ ತೇಲಿ ಕೆಳಗಿನದನ್ನು ನೋಡುವುದು. ಇಂಥ ಕಡೆ ಕ್ರೂಸ್ ಪ್ರಯಾಣಿಕರಿಗೆ ಅದಕ್ಕೆ ಸಿಗುವುದು ಕೆಲವೇ ಗಂಟೆ. ಜಾಸ್ತಿ ಜನ ಅದರಲ್ಲಿ ಅರ್ಧವನ್ನು ಸಾಲಿನಲ್ಲಿ ನಿಂತು, ಟವೆಲ್ ಹಾಸಲು ಜಾಗ ಹುಡುಕಿ, ಅಂಗಡಿ ನೋಡಿ ಕಳೆಯುತ್ತಾರೆ. ಕೊನೆಗೆ ನೀರಿಗಿಳಿಯುವ ಹೊತ್ತಿಗೆ ನೂರಾರು ಕಾಲುಗಳು ಮರಳು ಕಲಕಿರುತ್ತವೆ, ಮಾಸ್ಕಿನೊಳಗೆ ಹಾಲಿನಂಥ ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ಅದಕ್ಕೇ ನನ್ನ ಸಲಹೆ ಇಷ್ಟೇ: ನೀರು ಮೊದಲು, ಉಳಿದದ್ದೆಲ್ಲ ಆಮೇಲೆ. ಕೆಳಗಿನ ತಯಾರಿಯೆಲ್ಲ ಇದಕ್ಕಾಗಿಯೇ.

ಟಿಕೆಟ್ ಮಾಡಿಸುವ ಮೊದಲು

ಆಸ್ಟ್ರೇಲಿಯಾದಿಂದ ಹೊರಟು ಆಸ್ಟ್ರೇಲಿಯಾಕ್ಕೇ ವಾಪಸ್ ಬರುವ ಕ್ರೂಸ್ ಆದರೂ ನಡುವೆ ನೀವು ಬೇರೆ ದೇಶ ಮುಟ್ಟಿ ಬರುತ್ತೀರಿ. ಆದ್ದರಿಂದ ವೀಸಾದ ಮೇಲೆ ಬಂದಿರುವವರು ಮಲ್ಟಿಪಲ್ ಎಂಟ್ರಿ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಒಂದೇ ಸಲದ ಪ್ರವೇಶದ ವೀಸಾ ಇದ್ದರೆ ಹಡಗು ಹತ್ತಲು ಬಿಡದೇ ಹೋಗಬಹುದು. ದಾರಿಯಲ್ಲಿ ನೂಮಿಯಾ ಅಥವಾ ಲಿಫು ಇದ್ದರೆ ಅದು ನ್ಯೂ ಕ್ಯಾಲೆಡೋನಿಯಾ, ಅಂದರೆ ಫ್ರಾನ್ಸ್‌ಗೆ ಸೇರಿದ ಜಾಗ. ಅದರ ನಿಯಮ ಬೇರೆ. ಹಡಗು ಮುಟ್ಟುವ ಪ್ರತಿ ದೇಶದ ಲೆಕ್ಕವನ್ನೂ ನಿಮ್ಮ ಪಾಸ್‌ಪೋರ್ಟ್ ಹಿಡಿದು ಬೇರೆ ಬೇರೆಯಾಗಿ ನೋಡಿ.

ಕಾಲ ಯಾವುದು? ನವೆಂಬರಿನಿಂದ ಏಪ್ರಿಲ್‌ವರೆಗೆ ನೀರು ಬೆಚ್ಚಗಿರುತ್ತದೆ. ಆದರೆ ಮಳೆಗಾಲವೂ ಚಂಡಮಾರುತದ ಕಾಲವೂ ಅದೇ. ಮೇಯಿಂದ ಅಕ್ಟೋಬರ್‌ವರೆಗೆ ಆಕಾಶ ಹೆಚ್ಚು ತಿಳಿಯಾಗಿರುತ್ತದೆ, ನೀರು ಸ್ವಲ್ಪ ತಂಪು. ತಂಪು ಎಂದರೆ 23-24 ಡಿಗ್ರಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಹಲ್ಲು ಕಟಕಟ ಅನ್ನಲು ಶುರುವಾಗಬಹುದು. ತೆಳು ವೆಟ್‌ಸೂಟ್ ಇದ್ದರೆ ಚಿಂತೆಯಿಲ್ಲ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಇಲ್ಲಿ ದೊಡ್ಡ ಹಡಗು ಬಂದು ನಿಲ್ಲುವ ಕಟ್ಟೆ ಇಲ್ಲ. ಹಡಗು ದೂರದಲ್ಲೇ ನಿಲ್ಲುತ್ತದೆ, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುತ್ತಾರೆ. ಅಲೆ ಜೋರಾಗಿದ್ದರೆ ಕ್ಯಾಪ್ಟನ್ ಆ ದಿನದ ನಿಲುಗಡೆಯನ್ನೇ ರದ್ದು ಮಾಡಬಹುದು, ಟಿಕೆಟ್ಟಿನ ಷರತ್ತಿನಲ್ಲಿ ಅದಕ್ಕೆ ಅವಕಾಶ ಇರುತ್ತದೆ. ಈ ದ್ವೀಪ ಒಂದನ್ನೇ ನಂಬಿಕೊಂಡು ಕ್ರೂಸ್ ಆರಿಸಬೇಡಿ. ಸ್ನಾರ್ಕೆಲಿಂಗ್‌ಗೆ ಇನ್ನೂ ಒಂದೆರಡು ನಿಲುಗಡೆ ಇರುವ ದಾರಿ ಒಳ್ಳೆಯದು. ಲಿಫುವಿನ ಜಿನೆಕ್ ಕೊಲ್ಲಿ ಅಂಥದ್ದೇ ಇನ್ನೊಂದು ಜಾಗ.

ಮಾಸ್ಕ್ ನಿಮ್ಮದೇ ಇರಲಿ

ಸಾಮಾನು ಬಾಡಿಗೆಗೆ ಸಿಗುತ್ತದೆ, ಹಡಗಿನಲ್ಲೂ ಸಿಗುತ್ತದೆ, ದಡದಲ್ಲೂ ಸಿಗುತ್ತದೆ. ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್‌ಗಳನ್ನು ಧಾರಾಳವಾಗಿ ಬಾಡಿಗೆಗೆ ತೆಗೆದುಕೊಳ್ಳಿ. ಆದರೆ ಮಾಸ್ಕ್ ಮತ್ತು ಸ್ನಾರ್ಕೆಲ್ ಕೊಳವೆ ನಿಮ್ಮದೇ ಆಗಿರಲಿ. ಸ್ನಾರ್ಕೆಲಿಂಗ್ ಚೆನ್ನಾಗಿರಲಿಲ್ಲ ಎಂದು ಹೇಳುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಹವಳದ್ದಲ್ಲ, ಸೋರುವ ಮಾಸ್ಕಿನದ್ದು.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಗಾಳಿ ಒಳಗೆ ಎಳೆದುಕೊಳ್ಳಿ. ಕೈ ಬಿಡಿ. ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ನಿಂತರೆ ಅದು ನಿಮ್ಮದು. ಜಾರಿ ಬಿದ್ದರೆ ಎಷ್ಟೇ ದುಬಾರಿಯಾಗಿದ್ದರೂ ಕೆಳಗಿಡಿ. ಪಟ್ಟಿ ಬಿಗಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ, ಆಗುವುದು ತಿರುಗಾಮುರುಗ. ಬಿಗಿದಷ್ಟೂ ಸಿಲಿಕಾನ್ ಅಂಚು ಮಡಿಸಿಕೊಂಡು ಇನ್ನೂ ಸೋರುತ್ತದೆ. ಮೀಸೆ ಇರುವವರಿಗೆ ಮೂಗಿನ ಕೆಳಗೆ ನೀರು ನುಗ್ಗುವುದು ಮಾಮೂಲು. ಮೂಗಿಗೆ ಅಂಟಿದ ಒಂದು ಸಾಲು ಕೂದಲನ್ನು ಮಾತ್ರ ತೆಗೆದರೂ ಸಾಕು, ಪೂರ್ತಿ ಬೋಳಿಸಬೇಕಿಲ್ಲ.

ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ. ನೀರಿನೊಳಗೆ ವಸ್ತುಗಳು ಇದ್ದದ್ದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುವುದರಿಂದ ಪವರ್ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ.

ಹೊಸ ಮಾಸ್ಕಿನ ಗಾಜಿನ ಒಳಮೈಗೆ ತಯಾರಿಕೆಯಲ್ಲಿ ಉಳಿದ ತೆಳು ಪದರ ಇರುತ್ತದೆ. ಅದನ್ನು ತೆಗೆಯದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಎರಡು ಮೂರು ಸಲ ಮಾಡಿ. ಗಾಜಿಗೆ ಮಾತ್ರ ಇದು, ಪ್ಲಾಸ್ಟಿಕ್ ಲೆನ್ಸ್ ಆದರೆ ಗೀಚು ಬೀಳುತ್ತದೆ.

ಪೂರ್ತಿ ಮುಖ ಮುಚ್ಚುವ ಮಾಸ್ಕ್ ಈಗ ಎಲ್ಲೆಲ್ಲೂ ಕಾಣುತ್ತದೆ. ಮೂಗಿನಿಂದಲೇ ಉಸಿರಾಡಬಹುದು ಎಂದು ಹೊಸಬರು ಅದನ್ನೇ ಕೊಳ್ಳುತ್ತಾರೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ವಿನ್ಯಾಸ ಸರಿಯಿಲ್ಲದವುಗಳಲ್ಲಿ ಬಿಟ್ಟ ಉಸಿರೇ ಒಳಗೆ ಉಳಿದು ಮತ್ತೆ ಒಳಹೋಗುತ್ತದೆ. ಗಾಬರಿಯಾದಾಗ ಬಾಯಿಯಿಂದ ಕೊಳವೆ ಉಗುಳಿದಷ್ಟು ಬೇಗ ಅದನ್ನು ಕಿತ್ತು ತೆಗೆಯಲೂ ಆಗುವುದಿಲ್ಲ.

ಚೀಲದಲ್ಲಿ ಏನಿರಬೇಕು

ಉದ್ದ ತೋಳಿನ ಈಜು ಅಂಗಿ ಮೊದಲು. ಅನೈಟಿಯಮ್ ಇರುವುದು ಭೂಮಧ್ಯರೇಖೆಯ ದಕ್ಷಿಣಕ್ಕೆ ಸುಮಾರು 20 ಡಿಗ್ರಿಯಲ್ಲಿ. ಬಿಸಿಲು ನೇರ ಹೊಡೆಯುತ್ತದೆ, ನೀರು ತಂಪಾಗಿರುವುದರಿಂದ ಮೈ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಸ್ನಾರ್ಕೆಲಿಂಗ್ ಮಾಡುವಾಗ ಬೆನ್ನು ಮತ್ತು ಮೊಣಕಾಲಿನ ಹಿಂಬದಿ ಸದಾ ಮೇಲೆ ಇರುತ್ತವಲ್ಲ, ಅಲ್ಲೇ ಮೊದಲು ಕೆಂಪಾಗುವುದು. ಬಟ್ಟೆ ಮುಚ್ಚಿದ ಕಡೆ ಸನ್‌ಸ್ಕ್ರೀನ್ ಬೇಡವೇ ಬೇಡ. ಹವಳಕ್ಕೂ ಅದೇ ಒಳ್ಳೆಯದು. ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಕೆಡುಕು ಎಂಬ ಕಾರಣಕ್ಕೆ ಪಲಾವ್ 2020ರಲ್ಲಿ, ಹವಾಯಿ 2021ರಲ್ಲಿ ಅವಿರುವ ಸನ್‌ಸ್ಕ್ರೀನ್‌ಗಳ ಮಾರಾಟ ನಿಲ್ಲಿಸಿದವು. ಬಟ್ಟೆ ಮುಚ್ಚದ ಜಾಗಕ್ಕೆ ಝಿಂಕ್ ಆಕ್ಸೈಡ್ ಇರುವುದನ್ನು ಹಚ್ಚಿ. ಹಣೆಗೂ ಮೇಲ್ದುಟಿಗೂ ಹಚ್ಚಬೇಡಿ, ಮಾಸ್ಕಿನೊಳಗೆ ಇಳಿದು ಕಣ್ಣು ಉರಿಯುತ್ತದೆ.

ಕುಡಿಯುವ ನೀರು ತಲೆಗೆ ಒಂದೂವರೆ ಲೀಟರ್ ಆದರೂ ಬೇಕು. ನೀರಿಗಿಳಿಯುವ ಚಪ್ಪಲಿ ಅಥವಾ ಶೂ, ಟೋಪಿ, ಹಡಗಿನ ಟವೆಲ್, ಬ್ಯಾಂಡೇಜ್, ಗಾಯಕ್ಕೆ ಹಚ್ಚುವ ಔಷಧ. ಟವೆಲ್ ಕಳೆದರೆ ದಂಡ ನಿಮ್ಮ ಖಾತೆಗೆ, ನೆನಪಿರಲಿ. ತೆಳು ಪ್ಲಾಸ್ಟಿಕ್ ಕೈಚೀಲಗಳನ್ನೂ ಸ್ಟ್ರಾಗಳನ್ನೂ ವನುವಾಟು 2018ರ ಜುಲೈನಿಂದ ನಿಷೇಧಿಸಿದೆ. ಹಾಗಾಗಿ ಬಟ್ಟೆಯ ಚೀಲವೋ ನೀರು ಒಳಹೋಗದ ಡ್ರೈ ಬ್ಯಾಗೋ ತನ್ನಿ.

ಹಣ ಕೈಯಲ್ಲೇ ಇರಬೇಕು. ದೇಶದ ನಾಣ್ಯ ವಾಟು, ಆದರೆ ಇಲ್ಲಿ ಆಸ್ಟ್ರೇಲಿಯಾದ ಡಾಲರ್ ನಡೆಯುತ್ತದೆ. 5 ಮತ್ತು 10 ಡಾಲರಿನ ನೋಟುಗಳನ್ನು ಮನೆಯಿಂದಲೇ ಜೋಡಿಸಿಕೊಂಡು ಬನ್ನಿ. ನೂರರ ನೋಟು ಹಿಡಿದು ನಿಂತರೆ ಚಿಲ್ಲರೆಗಾಗಿ ಅಂಗಡಿಯವರು ಇನ್ನೊಂದು ಅಂಗಡಿಗೆ ಓಡಬೇಕಾಗುತ್ತದೆ.

ತಿಂಡಿ? ಹಡಗಿನ ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯುವಂತಿಲ್ಲ. ಹೊರಗಿನ ಕೀಟ, ರೋಗ ದ್ವೀಪಕ್ಕೆ ಹೋಗಬಾರದು ಎಂಬ ಕಾರಣಕ್ಕೆ ಈ ನಿಯಮ.

ಹಿಂದಿನ ದಿನ, ಹಡಗಿನಲ್ಲೇ

ಸಿಡ್ನಿಯಿಂದ ನೇರ ಬಂದರೂ ಎರಡು ಮೂರು ದಿನ ಸಮುದ್ರದಲ್ಲೇ ಕಳೆಯುತ್ತದೆ. ಆ ಬಿಡುವಿನಲ್ಲಿ ಅಭ್ಯಾಸ ಮಾಡಿ. ಹಡಗಿನ ಪೂಲ್‌ನಲ್ಲಿ ಮಾಸ್ಕ್ ಬಿಡುತ್ತಾರಾ ಎಂದು ಕೇಳಿ. ಬಿಡದಿದ್ದರೆ ಕೋಣೆಯ ವಾಶ್‌ಬೇಸಿನ್ ತುಂಬಿಸಿ, ಮಾಸ್ಕ್ ಹಾಕಿ ಮುಖ ಮುಳುಗಿಸಿ, ಕೊಳವೆಯಿಂದ ಉಸಿರಾಡಿ. ನಗಬೇಡಿ, ಕೆಲಸ ಮಾಡುತ್ತದೆ! ಮುಖ ನೀರಿನಲ್ಲಿದ್ದಾಗ ಉಸಿರು ತೆಗೆದುಕೊಳ್ಳಲು ಮೆದುಳು ಒಪ್ಪುವುದಿಲ್ಲ. ಮೊದಲ ಸಲದ ಆ ಗಾಬರಿ ಬೇಸಿನ್ನಿನಲ್ಲೇ ಮುಗಿಯಲಿ, ಸಮುದ್ರದಲ್ಲಿ ಬೇಡ.

ಸಂಜೆ ಕೋಣೆಗೆ ಬರುವ ಮರುದಿನದ ಹಾಳೆಯಲ್ಲಿ, ಅಥವಾ ಹಡಗಿನ ಆ್ಯಪ್‌ನಲ್ಲಿ, ಮೂರು ವಿಷಯ ನೋಡಿಕೊಳ್ಳಿ: ಟೆಂಡರ್ ಟಿಕೆಟ್ ಎಲ್ಲಿ ಎಷ್ಟು ಗಂಟೆಗೆ ಕೊಡುತ್ತಾರೆ, ದಡದಿಂದ ಕೊನೆಯ ಟೆಂಡರ್ ಎಷ್ಟಕ್ಕೆ, ಹಡಗು ಯಾವ ಗಡಿಯಾರ ಅನುಸರಿಸುತ್ತದೆ. ಮೂರನೆಯದರಲ್ಲೇ ಜನ ಎಡವುವುದು. ವನುವಾಟು ಗ್ರೀನಿಚ್‌ಗಿಂತ 11 ಗಂಟೆ ಮುಂದೆ. ಬ್ರಿಸ್ಬೇನ್ ವರ್ಷವಿಡೀ 10 ಗಂಟೆ ಮುಂದೆ, ಸಿಡ್ನಿ ಬೇಸಿಗೆಯಲ್ಲಿ 11, ಚಳಿಗಾಲದಲ್ಲಿ 10. ಹಡಗು ಹೊರಟ ಊರಿನ ಸಮಯವನ್ನೇ ಹಿಡಿದಿದ್ದರೆ, ನಿಮ್ಮ ಫೋನ್ ಅನೈಟಿಯಮ್‌ನ ಸಿಗ್ನಲ್ ಹಿಡಿದು ತಾನೇ ಬದಲಾದರೆ, ಒಂದು ಗಂಟೆ ಆಚೀಚೆ ಆಗಬಹುದು. ಫೋನಿನಲ್ಲಿ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಿ. ಸಾದಾ ಕೈಗಡಿಯಾರವನ್ನು ಹಡಗಿನ ಗಡಿಯಾರಕ್ಕೆ ಹೊಂದಿಸಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಅನೈಟಿಯಮ್‌ಗೆ ಆ ದಿನ ಉಬ್ಬರ ಯಾವಾಗ, ಇಳಿತ ಯಾವಾಗ ಎಂಬುದನ್ನೂ ನೋಡಿಟ್ಟುಕೊಳ್ಳಿ. ಇಳಿತದ ಹೊತ್ತಿನಲ್ಲಿ ಹವಳದ ಮೇಲೆ ನೀರು ತೀರಾ ತೆಳುವಾಗುತ್ತದೆ, ಈಜಲು ಹೋದರೆ ಹೊಟ್ಟೆ ತರಚುತ್ತದೆ. ಉಬ್ಬರಕ್ಕೆ ಒಂದು ಗಂಟೆ ಮುಂಚಿನಿಂದ ಒಂದು ಗಂಟೆ ಆಮೇಲಿನವರೆಗೆ ಒಳ್ಳೆಯ ಹೊತ್ತು. ಆಗ ನೀರು ಆಳವಾಗಿಯೂ ಇರುತ್ತದೆ, ಸೆಳೆತವೂ ಕಡಿಮೆ. ಬೆಳಿಗ್ಗೆಯೇ ಪೂರ್ತಿ ಇಳಿತವಿದ್ದರೆ ಮಾತ್ರ ನನ್ನ "ನೀರು ಮೊದಲು" ಎಂಬ ಮಾತನ್ನು ಮುರಿಯಿರಿ. ಅಂದು ದ್ವೀಪ ಸುತ್ತಿ ಬಂದು ಆಮೇಲೆ ಇಳಿಯಿರಿ.

ಶೀತ, ಜ್ವರ, ದಡಾರದ ಲಕ್ಷಣ ಇದ್ದರೆ ಹಡಗಿನಲ್ಲೇ ಉಳಿಯಿರಿ. ಇದು ಬರೀ ಶಿಷ್ಟಾಚಾರವಲ್ಲ. 1861ರಲ್ಲಿ ಹಡಗಿನ ಮೂಲಕ ಬಂದ ದಡಾರ ಅನೈಟಿಯಮ್‌ನಲ್ಲಿ ಬಹಳ ಜನರನ್ನು ಕೊಂದಿತು. ಇದೇ ದ್ವೀಪದವರು 1991ರಲ್ಲಿ ಊರಿಗೆ ಊರೇ ಸೇರಿ ಔಷಧಿ ತೆಗೆದುಕೊಂಡು, ಸೊಳ್ಳೆಪರದೆ ಕಟ್ಟಿ ಮಲೇರಿಯಾವನ್ನು ಓಡಿಸಿದರು. ಮಲೇರಿಯಾ ತಜ್ಞರು ಇಂದಿಗೂ ಉದಾಹರಣೆ ಕೊಡುವ ಕೆಲಸ ಅದು. ಬೇರೆ ಕಾಯಿಲೆಗಳ ಸೊಳ್ಳೆ ಇರುವುದರಿಂದ ಮುಲಾಮು ಹಚ್ಚುವುದನ್ನು ಮಾತ್ರ ಬಿಡಬೇಡಿ.

ಟೆಂಡರ್ ಹತ್ತುವುದು

ಹಡಗಿನ ಮೂಲಕ ಪ್ರವಾಸ ಕಾಯ್ದಿರಿಸಿದವರನ್ನು ಸಾಮಾನ್ಯವಾಗಿ ಮೊದಲು ಬಿಡುತ್ತಾರೆ. ಉಳಿದವರಿಗೆ ನಂಬರಿನ ಚೀಟಿ. ಚೀಟಿ ಕೊಡಲು ಶುರು ಮಾಡುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ, ತಿಂಡಿ ಅದಕ್ಕೂ ಮೊದಲೇ ಆಗಲಿ. ಮನೆಯವರೆಲ್ಲ ಒಟ್ಟಿಗೆ ಇರಬೇಕು ಎನ್ನುವ ಹಡಗುಗಳೂ ಇವೆ. ಒಬ್ಬರು ಸಾಲಿನಲ್ಲಿ, ಉಳಿದವರು ಕಾಫಿ ಕುಡಿಯುತ್ತಾ ಎಂಬ ಲೆಕ್ಕ ಆಗ ನಡೆಯುವುದಿಲ್ಲ.

ಈಜುಡುಗೆಯನ್ನು ಕೋಣೆಯಲ್ಲೇ ಒಳಗೆ ಹಾಕಿಕೊಂಡು ಬನ್ನಿ. ದಡದಲ್ಲಿ ಬಟ್ಟೆ ಬದಲಿಸಲು ಒಳ್ಳೆಯ ಜಾಗ ನಿರೀಕ್ಷಿಸಬೇಡಿ. ಶೌಚಾಲಯ ಇದೆ, ತೀರಾ ಸರಳ. ಹಡಗಿನಲ್ಲೇ ಮುಗಿಸಿ ಬಂದರೆ ಸಲೀಸು. ದೋಣಿ ಹತ್ತುವಾಗ ಎರಡೂ ಕೈ ಖಾಲಿ ಇರಲಿ. ಸಿಬ್ಬಂದಿ ನಿಮ್ಮ ತೋಳು ಹಿಡಿದು "ಈಗ" ಎಂದಾಗ ಹೆಜ್ಜೆ ಇಡಿ, ಅಲೆಯ ಲೆಕ್ಕ ಅವರಿಗೆ ಗೊತ್ತು.

ದಡದಲ್ಲಿ ಮೊದಲ ಹತ್ತು ನಿಮಿಷ

ಕೊನೆಯ ಟೆಂಡರಿನಿಂದ ಹಿಂದಕ್ಕೆ ಎಣಿಸಿ. ಕೊನೆಯದಕ್ಕೆ ಯಾವತ್ತೂ ಉದ್ದ ಸಾಲಿರುತ್ತದೆ, ಆದ್ದರಿಂದ ಅದಕ್ಕೂ ಒಂದು ಗಂಟೆ ಮುಂಚಿನದು ನಿಮ್ಮದು ಎಂದಿಟ್ಟುಕೊಳ್ಳಿ. ಅದರ ಹಿಂದೆ ಅಂಗಡಿ ಮತ್ತು ಊಟಕ್ಕೆ ಒಂದು ಗಂಟೆ, ಅದರ ಹಿಂದೆ ನಡಿಗೆಗೆ ಒಂದು ಗಂಟೆ. ಅದಕ್ಕೂ ಮುಂಚೆ ಉಳಿದ ಹೊತ್ತೆಲ್ಲ ನೀರಿಗೆ.

ಟೆಂಡರ್ ನಿಲ್ಲುವ ಜೆಟ್ಟಿಯ ಹತ್ತಿರವೇ ಜನ ಟವೆಲ್ ಹಾಸಿ ಕೂತುಬಿಡುತ್ತಾರೆ. ನೀವು ಮುಂದೆ ನಡೆಯಿರಿ. ಐದು ನಿಮಿಷ ನಡೆದರೆ ಗದ್ದಲ ಕಡಿಮೆಯಾಗುತ್ತದೆ. ರನ್‌ವೇ ದಾಟುವಾಗ ಎರಡೂ ಕಡೆ ನೋಡಿ, ಅಪರೂಪಕ್ಕೆ ಸಣ್ಣ ವಿಮಾನ ಇಳಿಯುತ್ತದೆ. ಅನೈಟಿಯಮ್‌ನ ವಿಮಾನ ನಿಲ್ದಾಣ ಅಂದರೆ ಇದೇ!

ಎಲ್ಲಿ ಇಳಿಯಬೇಕು ಎಂಬುದನ್ನು ನಕ್ಷೆ ನೋಡಿ ನಿರ್ಧರಿಸಬೇಡಿ, ಊರಿನವರನ್ನು ಕೇಳಿ. ಆ ದಿನದ ಗಾಳಿ ಎತ್ತಣಿಂದ, ಸೆಳೆತ ಯಾವ ಕಡೆ, ಕಾಯ್ದಿಟ್ಟ ನೀರು ಎಲ್ಲಿಂದ ಎಲ್ಲಿಯವರೆಗೆ, ಎಲ್ಲವೂ ಅವರಿಗೆ ಗೊತ್ತು. ಸಣ್ಣ ದ್ವೀಪದ ಅನುಕೂಲವೆಂದರೆ ಒಂದು ಕಡೆ ಗಾಳಿ ಇದ್ದರೆ ಇನ್ನೊಂದು ಕಡೆ ಮರೆ ಇರುತ್ತದೆ. ಈಜು ಅಷ್ಟಾಗಿ ಬಾರದವರು ಊರಿನವರು ಕರೆದೊಯ್ಯುವ ದೋಣಿಯ ಸ್ನಾರ್ಕೆಲಿಂಗ್‌ಗೆ ಹೋಗುವುದೇ ಮೇಲು. ದುಡ್ಡು ಕೊಟ್ಟರೂ ಪರವಾಗಿಲ್ಲ, ಕಣ್ಣಿಡಲು ಒಬ್ಬರು ಇರುತ್ತಾರೆ. ಈಜೇ ಬಾರದಿದ್ದರೆ ತಳದಲ್ಲಿ ಗಾಜಿರುವ ದೋಣಿಯನ್ನು ವಿಚಾರಿಸಿ.

ನೀರಿಗೆ ಇಳಿಯುವ ಕ್ರಮ

1. ಮೊದಲು ಐದು ನಿಮಿಷ ನಿಂತು ನೋಡಿ. ಬಿಳಿ ನೊರೆ ಒಡೆಯುವ ಕಡೆ ಹವಳದ ಅಂಚು, ಅದರಾಚೆ ತೆರೆದ ಸಮುದ್ರ. ಆ ಅಂಚಿನ ಕಡೆ ಹೋಗಲೇಬಾರದು. ಒಂದು ಎಲೆಯನ್ನೋ ಕಡ್ಡಿಯನ್ನೋ ನೀರಿಗೆ ಬಿಟ್ಟರೆ ಅದು ಹೋಗುವ ದಿಕ್ಕೇ ಸೆಳೆತದ ದಿಕ್ಕು.

2. ಜೊತೆಗಾರರನ್ನು ಗೊತ್ತು ಮಾಡಿಕೊಳ್ಳಿ. ಇಬ್ಬರೂ ಒಂದೇ ಕಡೆ ಈಜುತ್ತಿದ್ದೇವೆ ಎಂದುಕೊಂಡರೆ ಸಾಲದು, ಕೆಲವು ಉಸಿರಿಗೊಮ್ಮೆ ತಲೆ ತಿರುಗಿಸಿ ನೋಡಬೇಕು. ಸ್ನಾರ್ಕೆಲಿಂಗ್‌ನಲ್ಲಿ ತೊಂದರೆಗೆ ಸಿಕ್ಕಿದವರು ಕೂಗುವುದಿಲ್ಲ, ಕೈ ಬಡಿಯುವುದೂ ಕಡಿಮೆ. ಸುಮ್ಮನೆ ತೇಲುತ್ತಿರುವಂತೆಯೇ ಕಾಣುತ್ತಾರೆ. ಹೃದಯದ ತೊಂದರೆ, ಬಿಪಿ ಇರುವವರು, ವಯಸ್ಸಾದವರು ವೈದ್ಯರನ್ನು ಕೇಳಿಯೇ ಬನ್ನಿ. ಲೈಫ್ ಜಾಕೆಟ್ ಹಾಕಲು ಯಾರೂ ನಾಚಬೇಕಿಲ್ಲ. ಬಿಯರ್ ಕುಡಿದು ಇಳಿಯುವ ಮಾತೇ ಬೇಡ.

3. ಮಾಸ್ಕಿನ ಒಳಗೆ ಎಂಜಲು ಹಚ್ಚಿ ಉಜ್ಜಿ, ಸಮುದ್ರದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಅಸಹ್ಯ ಅನ್ನಿಸಿದರೆ ಮಗುವಿನ ಶಾಂಪೂವಿನ ಒಂದು ಹನಿ ಸಾಕು. ಮುಖಕ್ಕೆ ಹಾಕುವಾಗ ಕೂದಲು ಒಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

4. ಹವಳವಿಲ್ಲದ ಬರೀ ಮರಳಿನ ಕಡೆಯಿಂದ ಇಳಿಯಿರಿ. ಹೆಜ್ಜೆ ಎತ್ತಿ ಇಡದೆ ಪಾದ ಎಳೆಯುತ್ತಾ ನಡೆದರೆ ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಮೊದಲೇ ಸರಿದು ಹೋಗುತ್ತದೆ. ಸೊಂಟದುದ್ದ ನೀರು ಬಂದ ಮೇಲೆ ಫಿನ್ ಹಾಕಿ. ದಡದಲ್ಲೇ ಹಾಕಿಕೊಂಡಿದ್ದರೆ ಬೆನ್ನು ಮುಂದೆ ಮಾಡಿ ನಡೆಯಿರಿ, ಮುಂದೆ ನಡೆದರೆ ಮುಗ್ಗರಿಸುವುದು ಖಂಡಿತ.

5. ಈಜಲು ಶುರು ಮಾಡಬೇಡಿ, ಸುಮ್ನೆ ತೇಲಿ. ಮುಖ ಕೆಳಗೆ, ಕೈ ಸಡಿಲ. ನಿಧಾನ ಒಳಗೆ, ಇನ್ನೂ ನಿಧಾನ ಹೊರಗೆ. ಹೀಗೆ ಒಂದೆರಡು ನಿಮಿಷ. ಉಸಿರು ತಾಳಕ್ಕೆ ಬಂದ ಮೇಲೆ ಹೊರಡಿ.

6. ಕೊಳವೆಗೆ ನೀರು ನುಗ್ಗಿದರೆ ಗಾಬರಿ ಬೇಡ. ಬಾಯಲ್ಲಿ ಉಳಿದ ಗಾಳಿಯನ್ನು "ಥೂ" ಎಂದು ಜೋರಾಗಿ ಊದಿ, ನೀರು ಮೇಲಿನಿಂದ ಚಿಮ್ಮಿ ಹೋಗುತ್ತದೆ. ಮುಂದಿನ ಉಸಿರನ್ನು ಮೆಲ್ಲಗೆ ಎಳೆಯಿರಿ. ಮಾಸ್ಕಿಗೆ ನೀರು ಬಂದರೆ ತಲೆ ಮೇಲೆತ್ತಿ, ಕೆಳ ಅಂಚನ್ನು ಸ್ವಲ್ಪ ಎಳೆದರೆ ಸುರಿದು ಹೋಗುತ್ತದೆ.

7. ಕಾಲನ್ನು ಸೊಂಟದಿಂದ ಬೀಸಿ, ಮೊಣಕಾಲಿನಿಂದ ಸೈಕಲ್ ತುಳಿಯಬೇಡಿ. ಕೈ ಬಳಸುವುದೇ ಬೇಡ. ಕೈ ಬೀಸಿದಷ್ಟೂ ಮೀನು ದೂರ ಓಡುತ್ತದೆ.

8. ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ. ಸುಸ್ತಾಗಿ ವಾಪಸ್ ಬರುವಾಗ ನೀರೇ ನಿಮ್ಮನ್ನು ತಳ್ಳಿಕೊಂಡು ಬರುತ್ತದೆ. ದಡದಲ್ಲಿ ಒಂದು ಮರವನ್ನೋ ಗುಡಿಸಲನ್ನೋ ಗುರುತು ಮಾಡಿಕೊಂಡು ಎರಡು ಮೂರು ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡಿ.

9. ಅರ್ಧ ಗಂಟೆ ಅಥವಾ ನಲವತ್ತು ನಿಮಿಷಕ್ಕೆ ಹೊರಗೆ ಬಂದು ನೀರು ಕುಡಿದು, ಮೈ ಬೆಚ್ಚಗಾದ ಮೇಲೆ ಮತ್ತೆ ಹೋಗಿ.

ಉಸಿರು ಕಟ್ಟಿ ಕೆಳಗೆ ಮುಳುಗುವ ಆಸೆ ಇರುವವರಿಗೆ ಒಂದು ಎಚ್ಚರಿಕೆ. ಮುಳುಗುವ ಮೊದಲು ಬುಸುಬುಸು ಎಂದು ಹತ್ತಾರು ಸಲ ಉಸಿರಾಡಬೇಡಿ. ಹಾಗೆ ಮಾಡಿದರೆ ಉಸಿರು ಬೇಕೆಂದು ದೇಹ ಕೊಡುವ ಸೂಚನೆಯೇ ತಡವಾಗಿ, ನೀರಿನೊಳಗೆ ಪ್ರಜ್ಞೆ ತಪ್ಪಬಹುದು.

ಸೆಳೆತ ಎಳೆದುಕೊಂಡು ಹೋದರೆ ಅದರ ಜೊತೆ ಗುದ್ದಾಡಬೇಡಿ. ತೇಲಿ, ಒಂದು ಕೈ ಮೇಲೆತ್ತಿ ಆಡಿಸಿ, ಅಡ್ಡಕ್ಕೆ ಈಜಿ ಅದರಿಂದ ಆಚೆ ಬನ್ನಿ.

ಕೆಳಗೆ ಏನಿದೆ

ಬಂಡೆಯಂಥ ದುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಕೊಂಬೆ ಹವಳ ಹತ್ತು ಸೆಂಟಿಮೀಟರ್ ದಾಟಬಹುದು. ಒಂದು ಫಿನ್ನಿನ ಏಟಿಗೆ ಹಲವು ವರ್ಷದ ಬೆಳವಣಿಗೆ ಮುರಿಯುತ್ತದೆ ಎಂದಾಯಿತು. ಹವಳದ ಮೇಲೆ ಒಂದು ಮೀಟರ್ ನೀರು ಇಲ್ಲದ ಕಡೆ ಹೋಗಬೇಡಿ. ಸುಸ್ತಾದರೆ ಮಲಗಿ ತೇಲಿ, ಹವಳದ ಮೇಲೆ ನಿಲ್ಲಬೇಡಿ.

ಕಿವಿಗೊಟ್ಟರೆ ಕಟಕಟ ಸದ್ದು ಕೇಳುತ್ತದೆ. ಗಿಳಿಮೀನುಗಳು ಹವಳದ ಬಂಡೆ ಕೆರೆಯುವ ಸದ್ದೂ ಅದರಲ್ಲಿ ಸೇರಿದೆ. ಪಾಚಿಯ ಜೊತೆ ನುಂಗಿದ ಕಲ್ಲನ್ನು ಅವು ಪುಡಿ ಮಾಡಿ ಹಿಂದಿನಿಂದ ಬಿಡುತ್ತವೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಹಾಗೆ ಬಂದದ್ದು. ನೀವು ಟವೆಲ್ ಹಾಸಿದ್ದು ಯಾವುದರ ಮೇಲೆ ಎಂದು ಈಗ ಗೊತ್ತಾಯಿತಲ್ಲ!

ದೈತ್ಯ ಕಪ್ಪೆಚಿಪ್ಪು ಕಂಡರೆ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿ. ಬಾಯಂಚಿನ ನೀಲಿ, ಹಸಿರು, ನೇರಳೆ ಮಾಂಸದೊಳಗೆ ಪಾಚಿ ವಾಸ ಮಾಡುತ್ತದೆ. ಅದು ಬಿಸಿಲಿನಿಂದ ಮಾಡಿಕೊಂಡ ಆಹಾರದಲ್ಲಿ ಚಿಪ್ಪಿಗೂ ಪಾಲು. ನಿಮ್ಮ ನೆರಳು ಬಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಕಾಲು ಹಿಡಿದು ಮುಳುಗಿಸುತ್ತದೆ ಎಂಬುದು ಕಟ್ಟುಕಥೆ. ನೀಲಿ ನಕ್ಷತ್ರ ಮೀನು, ಹೂವಿನಂತೆ ಕಾಣುವ ಕಡಲ ಜೀವಿ ಅನಿಮೊನಿಯ ನಡುವೆ ಆಡುವ ಕ್ಲೌನ್ ಮೀನು ಸಿಗುತ್ತವೆ. ಕ್ಲೌನ್ ಮೀನಿನ ಗುಂಪಿನಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೋಡಿ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಅದೃಷ್ಟವಿದ್ದರೆ ಕಡಲಾಮೆ. ಬೆನ್ನಟ್ಟಬೇಡಿ, ಅದು ಉಸಿರಿಗೆ ಮೇಲೆ ಬರುವ ದಾರಿಯನ್ನು ಅಡ್ಡಗಟ್ಟಬೇಡಿ.

ಕಪ್ಪು ಬಿಳಿ ಪಟ್ಟೆಯ ಕಡಲ ಹಾವು ಕಾಣಬಹುದು. ವಿಷ ಜೋರು, ಸ್ವಭಾವ ಸಾಧು. ಕೆಣಕದಿದ್ದರೆ ತನ್ನ ಪಾಡಿಗೆ ಹೋಗುತ್ತದೆ. ನನಗೆ ಅದಕ್ಕಿಂತ ಅಂಜಿಕೆ ಶಂಖದಾಕಾರದ ಚೆಂದದ ಚಿಪ್ಪಿನದು. ಕೋನ್ ಎಂಬ ಜಾತಿಯ ಬಸವನಹುಳು ಅದು, ಕೈಗೆತ್ತಿಕೊಂಡರೆ ಚುಚ್ಚುತ್ತದೆ, ಪ್ರಾಣ ಹೋದದ್ದೂ ಉಂಟು. ವಿಷಮುಳ್ಳಿನ ಸ್ಟೋನ್ ಫಿಶ್ ಕಲ್ಲಿನಂತೆಯೇ ಕೂತಿರುತ್ತದೆ, ಅದಕ್ಕೇ ಶೂ ಬೇಕು ಎಂದದ್ದು. ಗೂಡು ಕಾಯುವ ಟೈಟನ್ ಟ್ರಿಗರ್ ಮೀನು ಮೈಮೇಲೆ ಬಂದು ಕಚ್ಚುತ್ತದೆ. ಅದರ ಗಡಿ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವುದರಿಂದ ಮೇಲಕ್ಕಲ್ಲ, ಪಕ್ಕಕ್ಕೆ ಈಜಿ ತಪ್ಪಿಸಿಕೊಳ್ಳಿ. ಮೀನಿಗೆ ಬ್ರೆಡ್ ಹಾಕಬೇಡಿ.

ಹವಳ ತರಚಿದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಔಷಧ ಹಚ್ಚಿ. ಚಿಕ್ಕ ಗಾಯ ಎಂದು ಬಿಟ್ಟರೆ ಎರಡು ದಿನಕ್ಕೆ ಕೀವಾಗುತ್ತದೆ. ಸ್ಟೋನ್ ಫಿಶ್‌ನ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಕಾಲಿಟ್ಟರೆ ನೋವು ಇಳಿಯುತ್ತದೆ. ಆದರೆ ಕಾಯಬೇಡಿ, ಕೂಡಲೇ ದಡದಲ್ಲಿರುವ ಹಡಗಿನ ಸಿಬ್ಬಂದಿಗೆ ಹೇಳಿ.

ನೀರಿನಿಂದ ಬಂದ ಮೇಲೆ

ಈಗ ಅಂಗಡಿ. ಮರದ ಕೆತ್ತನೆ, ಹೆಣೆದ ಬುಟ್ಟಿ, ಬಟ್ಟೆ, ಜಡೆ ಹೆಣೆಸಿಕೊಳ್ಳಲು ಜಾಗ, ಬೇಯಿಸಿದ ಲಾಬ್‌ಸ್ಟರ್. ಬೆಲೆ ಹೇಳಿದಷ್ಟು ಕೊಡುವುದು ಇಲ್ಲಿಯ ರೂಢಿ, ಚೌಕಾಸಿ ಮಾಡಿದರೆ ಮುಜುಗರ ಪಡುತ್ತಾರೆ. ದೊಡ್ಡ ಹಂಡೆಯೊಳಗೆ ಪ್ರವಾಸಿಗರನ್ನು ಕೂರಿಸಿ ನರಭಕ್ಷಕರ ವೇಷದಲ್ಲಿ ಫೋಟೋ ತೆಗೆಸುವ ಆಟವೂ ಇದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ನಡೆಸುವವರು ಊರಿನವರೇ, ನಗುವವರೂ ಅವರೇ, ದುಡ್ಡೂ ಅವರಿಗೇ ಹೋಗುತ್ತದೆ. ನಿಮ್ಮ ಇಷ್ಟ. ಬೇರೆ ಫೋಟೋ ತೆಗೆಯುವಾಗ, ಅದರಲ್ಲೂ ಮಕ್ಕಳದ್ದು, ಕೇಳಿಯೇ ತೆಗೆಯಿರಿ.

ದ್ವೀಪ ಸುತ್ತಲು ಚಪ್ಪಲಿ ಬೇಕು, ಕೆಲವು ಕಡೆ ಮರಳಿನ ಬದಲು ಹವಳದ ಚೂರು. ಮಧ್ಯಾಹ್ನದ ಹೊತ್ತಿಗೆ ಜೆಟ್ಟಿಯ ಹತ್ತಿರ ಸಾಲು ಬೆಳೆಯುತ್ತಿರುವುದು ದೂರದಿಂದಲೇ ಕಾಣುತ್ತದೆ. ನೆರಳು ಕಡಿಮೆ. ಕುಡಿಯುವ ನೀರಿನ ಕೊನೆಯ ಅರ್ಧ ಲೀಟರನ್ನು ಈ ಸಾಲಿಗಾಗಿ ಉಳಿಸಿಕೊಂಡಿರಿ. ಹಡಗಿನ ಕಾರ್ಡ್ ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವಂತಿರಲಿ.

ವಾಪಸ್ ಹಡಗಿನಲ್ಲಿ

ಮಾಸ್ಕ್, ಕೊಳವೆ, ಶೂಗಳನ್ನು ಸ್ನಾನದ ಕೋಣೆಯಲ್ಲಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಶೂ ಅಡಿಯ ಮರಳು, ಬೀಜ ಎಲ್ಲ ಕೆರೆದು ತೆಗೆಯಿರಿ, ಏಕೆಂದರೆ ಆಸ್ಟ್ರೇಲಿಯಾದ ಬಂದರಿನಲ್ಲಿ ಅದನ್ನು ನೋಡುತ್ತಾರೆ. ದಡದಲ್ಲಿ ಸಿಕ್ಕ ಚಿಪ್ಪು, ಹವಳದ ಚೂರು ಚೀಲಕ್ಕೆ ಬಂದಿದ್ದರೆ ದ್ವೀಪ ಬಿಡುವ ಮೊದಲೇ ಅಲ್ಲೇ ಹಾಕಿರಬೇಕು. ಹವಳ ಮತ್ತು ದೈತ್ಯ ಕಪ್ಪೆಚಿಪ್ಪು ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದಡಿ ಬರುತ್ತವೆ. ಅಂಗಡಿಯಲ್ಲಿ ಕೊಂಡ ಮರದ ಕೆತ್ತನೆ, ಬುಟ್ಟಿ, ಬೀಜದ ಸರಗಳನ್ನು ಇಳಿಯುವಾಗ ಕೊಡುವ ಕಾರ್ಡಿನಲ್ಲಿ ತಪ್ಪದೆ ಬರೆಯಿರಿ. ಬರೆದು ತೋರಿಸಿದರೆ ದಂಡವಿಲ್ಲ. ತಪಾಸಣೆ ಮಾಡಿ ಹುಳ ಇಲ್ಲದಿದ್ದರೆ ಕೊಟ್ಟು ಕಳಿಸುತ್ತಾರೆ, ಇಲ್ಲವೇ ಸಂಸ್ಕರಣೆಗೆ ಹಣ ಕೇಳುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ, ವೀಸಾದಲ್ಲಿರುವವರಿಗೆ ವೀಸಾ ರದ್ದಾಗುವ ಸಾಧ್ಯತೆಯೂ ಇದೆ.